ಮಗಳಿಗೊಂದು ಪತ್ರ: ಬಾರದೆ ಉಳಿದ ಮೂರನೆಯ ಶಿಫಾರಸು

ಶಿವಮೊಗ್ಗ
ಡಿಸೆಂಬರ್ 18

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ, ನಿನ್ನ ಅಮೆರಿಕದ ಪಿಎಚ್.ಡಿ. ಅರ್ಜಿಯ ಚಿತ್ರ ನೋಡಿದೆ. ಶಿಫಾರಸು ಪತ್ರ ಕಳಿಸಬೇಕಿದ್ದವರ ಮೂರು ಹೆಸರುಗಳು. ಎರಡರ ಮುಂದೆ ಪತ್ರ ತಲುಪಿದೆ ಎಂಬ ಹಸಿರು ಗುರುತು, ಮೂರನೆಯದರ ಮುಂದೆ ಖಾಲಿ. ಗಡುವು 15ಕ್ಕೇ ಮುಗಿದಿದೆ. ಪತ್ರ ಕೊಡುತ್ತೇನೆಂದು ಆಗಸ್ಟ್‌ನಲ್ಲೇ ಬಾಯಿತುಂಬ ಒಪ್ಪಿಕೊಂಡಿದ್ದ ಪ್ರೊಫೆಸರರು ಈಗ ಫೋನನ್ನೂ ಎತ್ತುತ್ತಿಲ್ಲ. ಇಷ್ಟನ್ನು ಓದಿ ನನಗೆ ಸಿಟ್ಟು ಬಂತು. ಆದರೆ ಚಿತ್ರದ ಕೆಳಗೆ ನೀನು ಬರೆದಿದ್ದ ಸಾಲು ಓದಿ ನಿದ್ದೆಯೇ ಬರಲಿಲ್ಲ: 'ನಾನೇ ಸರಿಯಾಗಿ ಕೇಳಿಲ್ಲವೇನೋ ಅಮ್ಮ.' ಇದು ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲ ಅನ್ನಿಸಿತು, ಅದಕ್ಕೆ ಬರೆಯಲು ಕುಳಿತಿದ್ದೇನೆ.

ನೀನು ಸರಿಯಾಗಿಯೇ ಕೇಳಿದ್ದೀಯ. ನಾಲ್ಕು ತಿಂಗಳು ಮೊದಲೇ ಅವರ ಕೋಣೆಗೆ ಹೋಗಿ ಕೇಳಿದೆ. ಅಂಕಪಟ್ಟಿ, ಎಂ.ಎಸ್ಸಿ. ಪ್ರಾಜೆಕ್ಟ್ ವರದಿ, ಯಾವ ವಿಶ್ವವಿದ್ಯಾಲಯಕ್ಕೆ ಯಾವ ತಾರೀಖಿನೊಳಗೆ ಎಂಬ ಪಟ್ಟಿ, ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಕೊಟ್ಟೆ. ಅಂದು ಅವರಿಗೆ 'ನನ್ನಿಂದ ಆಗುವುದಿಲ್ಲ' ಎನ್ನುವ ಪೂರ್ತಿ ಸ್ವಾತಂತ್ರ್ಯವಿತ್ತು. ಹಾಗೆಂದಿದ್ದರೆ ನೀನು ಒಂದು ದಿನ ಬೇಸರಪಟ್ಟು ಬೇರೆಯವರ ಬಾಗಿಲು ತಟ್ಟುತ್ತಿದ್ದೆ. ಒಪ್ಪಿಕೊಂಡ ಮೇಲೆ ಅದು ಅವರು ಮಾಡುವ ಉಪಕಾರವಾಗಿ ಉಳಿಯಲಿಲ್ಲ, ಹೊತ್ತುಕೊಂಡ ಕೆಲಸವಾಯಿತು. ಆ ಒಂದು ಮಾತನ್ನು ನಂಬಿ ನೀನು ಬೇರೆ ದಾರಿಯನ್ನೆಲ್ಲ ಮುಚ್ಚಿಕೊಂಡೆ. ಮಾತು ಕೊಟ್ಟವರ ಮೇಲೆ ಈ ಭಾರ ಇದ್ದೇ ಇರುತ್ತದೆ, ಅವರು ಎಷ್ಟೇ ದೊಡ್ಡವರಾಗಿರಲಿ.

ಮೊದಲು ಕೆಲಸದ ಮಾತು, ಯಾಕೆಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಮೆರಿಕದ ಪಿಎಚ್.ಡಿ. ಅರ್ಜಿಗಳಲ್ಲಿ ನಿನ್ನ ಅರ್ಜಿಗಿರುವ ಗಡುವು ಬೇರೆ, ಪತ್ರಗಳಿಗಿರುವ ಗಡುವು ಬೇರೆ ಇರುವುದುಂಟು. ಎರಡೂ ಒಂದೇ ಆಗಿದ್ದ ಕಡೆಯೂ ಅಭ್ಯರ್ಥಿಯ ಪಾಲಿನದೆಲ್ಲ ಸಮಯಕ್ಕೆ ಬಂದಿದ್ದರೆ, ತಡವಾದ ಪತ್ರವನ್ನು ಕೆಲವು ದಿನಗಳ ಮಟ್ಟಿಗೆ ಸ್ವೀಕರಿಸುವ ವಿಭಾಗಗಳು ಹಲವಿವೆ. ಕ್ರಿಸ್‌ಮಸ್ ರಜೆ ಕಳೆದು ಪ್ರವೇಶ ಸಮಿತಿಯವರು ಕಡತಗಳನ್ನು ಕೈಗೆತ್ತಿಕೊಳ್ಳುವಾಗ ಸಾಮಾನ್ಯವಾಗಿ ಜನವರಿ ಬಂದಿರುತ್ತದೆ. ಇದನ್ನು ಊಹಿಸಿಕೊಂಡು ಸುಮ್ಮನೆ ಕೂರಬೇಡ, ಕೇಳಿ ತಿಳಿದುಕೋ. ವಿಭಾಗದ ಜಾಲತಾಣದಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಕಚೇರಿ ಸಿಬ್ಬಂದಿಯ ವಿಳಾಸ ಇರುತ್ತದೆ. ಅವರಿಗೆ ನಾಲ್ಕೇ ಸಾಲು ಬರೆ: ಅರ್ಜಿ ಸಲ್ಲಿಸಿದ್ದೇನೆ, ಎರಡು ಪತ್ರ ಬಂದಿವೆ, ಮೂರನೆಯವರಿಂದ ಬಂದಿಲ್ಲ, ಬದಲಿಗೆ ಬೇರೊಬ್ಬರಿಂದ ಕಳಿಸಬಹುದೇ, ಎಷ್ಟು ದಿನದೊಳಗೆ? ಅವರು ಇಂಥ ಮೇಲ್ ಪ್ರತಿ ಡಿಸೆಂಬರ್‌ನಲ್ಲೂ ನೋಡುತ್ತಾರೆ. ಇದರಿಂದ ನಿನ್ನ ಮೇಲೆ ಕಪ್ಪುಚುಕ್ಕೆ ಬೀಳುವುದಿಲ್ಲ. ಪ್ರೊಫೆಸರರನ್ನು ದೂರುವ ಒಂದು ಪದವೂ ಅದರಲ್ಲಿ ಬೇಡ, ವಿವರಣೆಯೂ ಬೇಡ.

ಬದಲಿಗೆ ಯಾರು ಎಂದರೆ, ನಿನಗೆ ಸಂಭವನೀಯತೆಯ ಪಾಠ ಮಾಡಿದ ಮೇಡಂ. ಪ್ರಾಜೆಕ್ಟ್ ಮಾರ್ಗದರ್ಶಕರಾದ ಆ ಪ್ರೊಫೆಸರರ ಪತ್ರ ಇಲ್ಲದಿದ್ದರೆ ಸಮಿತಿಯವರು ಹುಬ್ಬೇರಿಸುತ್ತಾರೆ ಎಂಬ ನಿನ್ನ ಆತಂಕ ನನಗೆ ಅರ್ಥವಾಗುತ್ತದೆ, ಅದರಲ್ಲಿ ನಿಜವೂ ಇದೆ. ಆದರೆ ಬಾರದ ಒಳ್ಳೆಯ ಪತ್ರಕ್ಕಿಂತ ಬಂದ ಸಾಧಾರಣ ಪತ್ರ ಮೇಲು. ಮೇಡಂ ಬರೆಯುವುದು ಸಾಧಾರಣವಾಗಿಯೂ ಇರುವುದಿಲ್ಲ. ತರಗತಿ ಮುಗಿದ ಮೇಲೂ ಅವರ ಮೇಜಿನ ಪಕ್ಕ ನಿಂತು ಲೆಕ್ಕ ಕೇಳುತ್ತಿದ್ದವಳು ನೀನು, ಅವರು ಅದನ್ನು ಮರೆತಿರಲಾರರು.

ಇನ್ನು ಆ ಪ್ರೊಫೆಸರರ ವಿಷಯ. ಅವರು ಕೆಟ್ಟವರೆಂದು ನಾನು ಹೇಳಲಾರೆ. ನಾನೂ ಕಾಲೇಜಿನಲ್ಲಿ ಪಾಠ ಮಾಡುವವಳು, ಡಿಸೆಂಬರ್ ಎಂದರೆ ಏನೆಂದು ಬಲ್ಲೆ. ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ, ಆಂತರಿಕ ಅಂಕಗಳ ಪಟ್ಟಿ, ಅದರ ಮೇಲೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಗಳು. ಶಿಫಾರಸು ಪತ್ರ ಹೊರಗಿನವರಿಗೆ ಒಂದು ಪುಟ ಬರೆಯುವ ಕೆಲಸದಂತೆ ಕಾಣುತ್ತದೆ, ಒಳಗೆ ಕುಳಿತು ನೋಡಿದರೆ ಹಾಗಿಲ್ಲ. ಪತ್ರ ಕಳಿಸಲೆಂದು ವಿಶ್ವವಿದ್ಯಾಲಯ ಮೇಲ್‌ನಲ್ಲಿ ಒಂದು ಕೊಂಡಿ (ಲಿಂಕ್) ಕಳಿಸುತ್ತದೆ. ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳಿಗಾಗಿ ಅಂಥದ್ದೊಂದನ್ನು ತೆರೆದಾಗ ಮೊದಲು ಪಾಸ್‌ವರ್ಡ್ ಮಾಡಿಕೊಳ್ಳಬೇಕಾಯಿತು. ಆಮೇಲೆ ಪ್ರಶ್ನೆಗಳು: ಈಕೆಯನ್ನು ಎಷ್ಟು ಕಾಲದಿಂದ ಬಲ್ಲಿರಿ, ಯಾವ ನೆಲೆಯಲ್ಲಿ, ಯಾವ ಗುಂಪಿನೊಂದಿಗೆ ಹೋಲಿಸುತ್ತಿದ್ದೀರಿ. ಬಳಿಕ ಒಂದು ಕೋಷ್ಟಕ; ವಿಶ್ಲೇಷಣಾ ಶಕ್ತಿ, ಬರವಣಿಗೆ, ಛಲ, ಪ್ರಾಮಾಣಿಕತೆ, ಪ್ರತಿಯೊಂದಕ್ಕೂ ಈಕೆ ಮೇಲಿನ ಶೇ. 5ರಲ್ಲಿ ಬರುತ್ತಾಳೋ ಶೇ. 10ರಲ್ಲೋ ಎಂದು ಗುರುತು ಹಾಕಬೇಕು. ಇಷ್ಟಾದ ಮೇಲೆ ಪತ್ರ. ಒಬ್ಬ ವಿದ್ಯಾರ್ಥಿ ಎಂಟು ಕಡೆ ಅರ್ಜಿ ಹಾಕಿದರೆ ಇದೆಲ್ಲ ಎಂಟು ಸಲ. ಇಂಥ ಹತ್ತಾರು ವಿದ್ಯಾರ್ಥಿಗಳು. ಇದಕ್ಕಾಗಿ ಯಾವ ಕಾಲೇಜೂ ಬಿಡುವು ಕೊಡುವುದಿಲ್ಲ.

ಕೊಂಡಿ ಹೊತ್ತು ಬರುವ ಮೇಲ್ ಕೂಡ ಯಾರೋ ಜಾಹೀರಾತು ಕಳಿಸಿದಂತೆ ಇರುತ್ತದೆ, ಸ್ಪ್ಯಾಮ್ ಕಡತಕ್ಕೆ ಹೋಗಿ ಬೀಳುವುದೂ ಉಂಟು. ಎಷ್ಟೋ ವಿಶ್ವವಿದ್ಯಾಲಯಗಳು ಜಿಮೇಲ್ ವಿಳಾಸವನ್ನು ಒಪ್ಪದೆ ಕಾಲೇಜಿನ ಅಧಿಕೃತ ವಿಳಾಸವನ್ನೇ ಕೇಳುತ್ತವೆ; ನಮ್ಮಲ್ಲಿ ಅನೇಕರು ಆ ಪೆಟ್ಟಿಗೆಯನ್ನು ತೆರೆದು ನೋಡುವುದೇ ಅಪರೂಪ. ಆದ್ದರಿಂದ ಜನವರಿಯಲ್ಲಿ ಗಡುವಿರುವ ನಿನ್ನ ಉಳಿದ ಅರ್ಜಿಗಳ ವಿಷಯದಲ್ಲಿ ಮೊದಲ ಪ್ರಶ್ನೆ 'ಬರೆದಿರಾ ಸರ್' ಎಂಬುದಲ್ಲ, 'ಕೊಂಡಿ ತಲುಪಿದೆಯೇ ಸರ್' ಎಂಬುದು. ಕೇಳುವವಳಿಗೂ ಅದು ಸುಲಭ, ಹೇಳುವವರಿಗೂ ಸುಲಭ.

ಇಷ್ಟೆಲ್ಲ ಅವರ ಪರವಾಗಿ ಹೇಳಿದ ಮೇಲೂ ಒಂದನ್ನು ನಾನು ಒಪ್ಪಲಾರೆ, ಅದು ಅವರ ಮೌನ. 2018ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಹೇಳುತ್ತೇನೆ. ಜಾನ್ ಚೆನಿ-ಲಿಪ್ಪೋಲ್ಡ್ ಎಂಬ ಸಹ ಪ್ರಾಧ್ಯಾಪಕರು ವಿದ್ಯಾರ್ಥಿನಿಯೊಬ್ಬಳಿಗೆ ವಿದೇಶದಲ್ಲಿ ಓದಲು ಶಿಫಾರಸು ಪತ್ರ ಕೊಡುವುದಾಗಿ ಒಪ್ಪಿದ್ದರು. ಅವಳು ಹೋಗಲಿದ್ದದ್ದು ಇಸ್ರೇಲಿನ ಟೆಲ್ ಅವಿವ್‌ಗೆ ಎಂದು ಆಮೇಲೆ ಗಮನಕ್ಕೆ ಬಂದಾಗ, ಇಸ್ರೇಲಿನ ವಿರುದ್ಧದ ಶೈಕ್ಷಣಿಕ ಬಹಿಷ್ಕಾರವನ್ನು ಬೆಂಬಲಿಸುವ ತಾನು ಬರೆಯಲಾರೆ ಎಂದು ಹಿಂದೆ ಸರಿದರು. ದೊಡ್ಡ ಗದ್ದಲವಾಯಿತು. ವಿಶ್ವವಿದ್ಯಾಲಯ ಆ ವರ್ಷದ ಅವರ ವೇತನ ಹೆಚ್ಚಳವನ್ನು ತಡೆಯಿತು, ಎರಡು ವರ್ಷ ಅಧ್ಯಯನ ರಜೆ ಸಿಗದಂತೆ ಮಾಡಿತು. ಅವರ ರಾಜಕೀಯ ನಿಲುವಿನ ಬಗ್ಗೆ ಜನ ಇಂದಿಗೂ ಎರಡು ಮಾತಾಡುತ್ತಾರೆ, ಅದು ಬೇರೆ ಚರ್ಚೆ. ನನಗೆ ಮುಖ್ಯವೆನಿಸುವುದು ಇಷ್ಟೇ: ಅಲ್ಲಿನ ಆಡಳಿತ ಶಿಫಾರಸು ಪತ್ರವನ್ನು ಮೇಷ್ಟರ ಮರ್ಜಿಗೆ ಬಿಡದೆ ಬೋಧಕರ ಹೊಣೆ ಎಂದು ಕಂಡಿತು. ಇನ್ನೊಂದು, ಅವರು ಹಿಂದೆ ಸರಿದರು, ಆದರೆ ಸರಿದೆನೆಂದು ಆ ಹುಡುಗಿಗೆ ಬರೆದು ತಿಳಿಸಿದರು. ನಿನಗೆ ಅಷ್ಟೂ ಸಿಗಲಿಲ್ಲ. ಎಷ್ಟೋ ಮಕ್ಕಳಿಗೆ ಸಿಗುವುದಿಲ್ಲ. ಮುಖ ನೋಡಿ ಇಲ್ಲವೆನ್ನಲಾಗದೆ ಹೂಂ ಎಂದುಬಿಡುವ ಮೇಷ್ಟರು, ಮತ್ತೆ ಕೇಳಿದರೆ ಸಿಟ್ಟಾಗುತ್ತಾರೇನೋ ಎಂದು ಬಾಯಿ ಮುಚ್ಚಿಕೊಳ್ಳುವ ಶಿಷ್ಯರು, ಈ ಎರಡು ದಾಕ್ಷಿಣ್ಯಗಳ ನಡುವೆ ಒಂದಿಡೀ ವರ್ಷ ಹಾಳಾಗುತ್ತದೆ. ಒಂದೊಂದು ಅರ್ಜಿಗೂ ನೂರು ಡಾಲರ್ ಆಸುಪಾಸಿನ ಶುಲ್ಕ, ಅದನ್ನು ನೀನು ನಿನ್ನ ಸಂಬಳದಿಂದ ಕಟ್ಟಿದ್ದೀಯ.

ಮತ್ತೆ ಕೇಳುವುದು ಅವಿಧೇಯತೆ ಎಂಬ ಭಯವನ್ನು ದಯವಿಟ್ಟು ಬಿಡು. ನೀನು ಅರ್ಜಿ ತುಂಬುವಾಗ ಒಂದು ಚೌಕಕ್ಕೆ ಗುರುತು ಹಾಕಿದ್ದು ನೆನಪಿದೆಯೇ? ಅಮೆರಿಕದಲ್ಲಿ 1974ರಿಂದ ಫೆರ್ಪಾ ಎಂಬ ಕಾನೂನಿದೆ. ಅದರ ಪ್ರಕಾರ, ವಿಶ್ವವಿದ್ಯಾಲಯಕ್ಕೆ ಸೇರಿದ ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕಿದೆ. ಶಿಫಾರಸು ಪತ್ರ ನೋಡುವ ಹಕ್ಕನ್ನು ಬೇಕಿದ್ದರೆ ಬಿಟ್ಟುಕೊಡಬಹುದು. ಬರೆಯುವವರು ನಿಸ್ಸಂಕೋಚವಾಗಿ ಬರೆಯಲಿ ಎಂದು ಬಹುತೇಕರು ಬಿಟ್ಟುಕೊಡುತ್ತಾರೆ, ನೀನೂ ಬಿಟ್ಟುಕೊಟ್ಟೆ. ಅಂದರೆ ಅವರು ನಿನ್ನ ಬಗ್ಗೆ ಏನು ಬರೆದರು ಎಂದು ನೀನು ಕೇಳುವಂತಿಲ್ಲ. ಬರೆದರೋ ಇಲ್ಲವೋ ಎಂದು ಕೇಳುವುದನ್ನು ನೀನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅಂದ ಹಾಗೆ, ನಿನ್ನ ಗೆಳತಿ ಹೇಳಿದಳೆಂದು ಬರೆದಿದ್ದೆಯಲ್ಲ, 'ಪತ್ರವನ್ನು ನಾನೇ ಬರೆದು ಕೊಟ್ಟರೆ ಸರ್ ಸಹಿ ಹಾಕಿಬಿಡುತ್ತಾರಂತೆ' ಎಂದು. ನಮ್ಮ ಕಾಲೇಜುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದು ನನಗೆ ಗೊತ್ತು. ಅದನ್ನು ಮಾಡಬೇಡ. ಅದು ನಿನ್ನ ಸಾಕ್ಷಿಯನ್ನು ನೀನೇ ಹೇಳಿಕೊಂಡ ಹಾಗೆ. ಮೇಲಾಗಿ ಓದುವವರಿಗೆ ಅದು ತಿಳಿದೂ ಹೋಗುತ್ತದೆ, ಏಕೆ ಓದಬಯಸುತ್ತೇನೆಂದು ಅರ್ಜಿಯೊಂದಿಗೆ ನೀನು ಬರೆದ ಉದ್ದೇಶ ಪತ್ರದ ಭಾಷೆಯೇ ಅದರಲ್ಲೂ ಇರುತ್ತದಲ್ಲ. ಅವರಿಗೆ ನೆನಪು ಮಾಡಿಕೊಡಲು ಏನು ಬೇಕೋ ಅದನ್ನು ಮಾತ್ರ ಕೊಡು: ಯಾವ ಸೆಮಿಸ್ಟರ್‌ನಲ್ಲಿ ಯಾವ ವಿಷಯ ಓದಿದೆ, ಪ್ರಾಜೆಕ್ಟ್‌ನಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೆ, ಅದರಿಂದ ಹೇಗೆ ಹೊರಬಂದೆ.

ಪತ್ರ ಉದ್ದವಿರಬೇಕೆಂದೂ ಇಲ್ಲ. 1948ರಲ್ಲಿ, ಮುಂದೆ ಹೆಸರಾಂತ ಗಣಿತಜ್ಞನಾದ ಜಾನ್ ನ್ಯಾಶ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಕಾರ್ನೆಗಿಯ ಪ್ರಾಧ್ಯಾಪಕ ರಿಚರ್ಡ್ ಡಫಿನ್ ಬರೆದದ್ದು ಕೆಲವೇ ಸಾಲು: ಹುಡುಗನಿಗೆ ಹತ್ತೊಂಬತ್ತು ವರ್ಷ, ಜೂನ್‌ನಲ್ಲಿ ಪದವಿ ಮುಗಿಸುತ್ತಾನೆ, ಅವನು ಗಣಿತದ ಮಹಾ ಪ್ರತಿಭೆ. ಅಷ್ಟೇ. ರಾಮಾನುಜನ್ 1912ರಲ್ಲಿ ಮದ್ರಾಸ್ ಬಂದರು ಕಚೇರಿಯ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದಾಗ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಕೊಟ್ಟ ಶಿಫಾರಸೂ ಚಿಕ್ಕದೇ. ಮೇಡಂ ನಿನಗಾಗಿ ಅರ್ಧ ಪುಟವನ್ನು ಮನಸ್ಸಿಟ್ಟು ಬರೆದರೆ ಸಾಕು, ಅಷ್ಟು ಬಿಡುವು ಅವರಲ್ಲಿ ಇದ್ದೀತು.

ಜನವರಿ ಮೊದಲ ವಾರದಲ್ಲಿ ಇನ್ನೆರಡು ಅರ್ಜಿಗಳ ಗಡುವಿದೆ. ಪ್ರೊಫೆಸರರಿಗೆ ಕೊನೆಯದಾಗಿ ಹೀಗೆ ಬರೆ: 'ಸರ್, ನೀವು ಕೆಲಸದ ಒತ್ತಡದಲ್ಲಿದ್ದೀರೆಂದು ಬಲ್ಲೆ. ಡಿಸೆಂಬರ್ 22ರ ಸಂಜೆಯೊಳಗೆ ಪತ್ರ ಕಳಿಸಲು ಸಾಧ್ಯವಾಗದಿದ್ದರೆ ತಿಳಿಸಿ, ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆ. ನಿಮ್ಮ ಬಳಿ ಕಲಿತದ್ದಕ್ಕೆ ನಾನು ಸದಾ ಋಣಿ.' ಇದರಲ್ಲಿ ಸುಳ್ಳು ಒಂದೂ ಇಲ್ಲ; ಅವರಿಂದ ನೀನು ಕಲಿತದ್ದು ನಿಜ, ಈ ಪತ್ರ ಬಾರದ್ದರಿಂದ ಅದು ಇಲ್ಲವಾಗುವುದಿಲ್ಲ. 22ರವರೆಗೆ ಉತ್ತರ ಬಾರದಿದ್ದರೆ ಆ ಎರಡೂ ಅರ್ಜಿಗಳಿಂದ ಅವರ ಹೆಸರನ್ನು ತೆಗೆದು ಮೇಡಂ ಹೆಸರು ಹಾಕು. ಹಾಕುವಾಗ ಕೈ ನಡುಗಬಾರದು. ಮುಂದೆ ಎಲ್ಲಾದರೂ ಎದುರಾದರೆ ನಮಸ್ಕಾರ ಮಾಡು, ಕಾರಣ ಕೇಳಬೇಡ.

ಮೇಡಂಗೆ ಮೇಲ್ ಮಾಡುವ ಮೊದಲು ಫೋನ್ ಮಾಡು. ನಡೆದದ್ದನ್ನು ಮುಚ್ಚಿಡದೆ ಹೇಳು, ದಿನ ಕಡಿಮೆ ಇವೆ ಎಂಬುದನ್ನೂ ಹೇಳು. ಆಗದಿದ್ದರೆ ಆಗದು ಎನ್ನಲು ಅವರಿಗೂ ಜಾಗ ಬಿಡು. ವಿಶ್ವವಿದ್ಯಾಲಯದ ಕಚೇರಿಗೆ ಬರೆಯುವುದನ್ನು ಇವತ್ತೇ ಮುಗಿಸು, ಅಲ್ಲಿ ಬೆಳಗಾಗುವ ಹೊತ್ತಿಗೆ ಅವರ ಕೈಯಲ್ಲಿರಲಿ. ಆಮೇಲೆ ರಜೆಗೆ ಬೀಗ ಹಾಕಿಬಿಡುತ್ತಾರೆ.

ಇಂತಿ ನಿನ್ನ
ಅಮ್ಮ