ಮನೆ ಕೊಟ್ಟರೆ ಸಾಲದು, ಮಕ್ಕಳನ್ನೂ ನೋಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಂಚಿನ ಪುನರ್ವಸತಿ ಬಡಾವಣೆಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ನಗರದ ನಡುವಿನ ಕೊಳೆಗೇರಿಯಿಂದ ಎಬ್ಬಿಸಿ ತಂದ ಕುಟುಂಬಗಳು ಇಲ್ಲಿವೆ. ಮನೆಗಳು ಬಂದವು, ಕೆಲಸಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದವು. ಮನೆಗೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಐದೂವರೆಗೆ ಹೊರಟು ಎರಡು ಬಸ್ ಬದಲಿಸುತ್ತಾರೆ. ಶಕ್ತಿ ಯೋಜನೆಯಿಂದ ಟಿಕೆಟ್ ಹಣ ಉಳಿದಿದೆ, ಅದಕ್ಕೆ ನಾವು ಋಣಿಗಳು. ಆದರೆ ನನ್ನ ಕೇಂದ್ರದ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಅಲ್ಲಿಯವರೆಗೆ ಎರಡು ವರ್ಷದ ಕೂಸನ್ನು ಎಂಟು ವರ್ಷದ ಅಕ್ಕ ಎತ್ತಿಕೊಂಡಿರುತ್ತಾಳೆ. ಕಳೆದ ತಿಂಗಳು ಅಂಥ ಹುಡುಗಿಯೊಬ್ಬಳು ಶಾಲೆಯನ್ನೇ ಬಿಟ್ಟಳು. ಅವಳ ಪುಸ್ತಕದ ಚೀಲ ಇನ್ನೂ ನನ್ನ ಬೀರುವಿನಲ್ಲಿದೆ.

2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆ ಅದು ದೊಡ್ಡ ಆಸರೆಯಾಯಿತು. ನಮ್ಮ ಬಡಾವಣೆ ಹಳ್ಳಿಯಲ್ಲ, ಹಾಗಾಗಿ ಆ ಯೋಜನೆ ಇಲ್ಲಿಗಿಲ್ಲ. ನಗರದ ಸವಲತ್ತುಗಳೂ ಇಷ್ಟು ದೂರ ತಲುಪುವುದಿಲ್ಲ. ಗೋಡೆಗೆ ಬಣ್ಣ ಬಳಿಯಲು, ಕಮಾನು ಕಟ್ಟಲು ಅನುದಾನ ಬರುತ್ತದೆ. ಮಕ್ಕಳ ಆರೈಕೆಗೆ ಮಾತ್ರ ಇಲ್ಲ.

ಪುನರ್ವಸತಿ ಬಡಾವಣೆಗಳಿಗೂ ಕೂಸಿನ ಮನೆ ವಿಸ್ತರಿಸಿ, ಬೆಳಿಗ್ಗೆ ಐದಕ್ಕೇ ತೆರೆಯುವಂತೆ ಮಾಡಬೇಕೆಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ. ಅದಕ್ಕೆ ನಮ್ಮ ಬಡಾವಣೆಯ ಕಟ್ಟಡದ ನೆಲಮಹಡಿಯಲ್ಲಿ ಬೀಗ ಹಾಕಿದ ಎರಡು ಕೋಣೆಗಳಿವೆ. ಮಕ್ಕಳನ್ನು ನೋಡಿಕೊಳ್ಳಲು ಇಲ್ಲಿಯ ಅಜ್ಜಿಯರೇ ಸಿದ್ಧರಿದ್ದಾರೆ, ಅವರಿಗೆ ಗೌರವಧನ ಕೊಡಲಿ.

- ಒಬ್ಬ ಅಂಗನವಾಡಿ ಕಾರ್ಯಕರ್ತೆ, ಬೆಂಗಳೂರು