ದೊಡ್ಡಮ್ಮನಿಗೆ ನೀನು ಕೊಟ್ಟ ಬಿರುದು

ಫೀನಿಕ್ಸ್, ಅರಿಜೋನಾ

ಪ್ರೀತಿಯ ಪುಟ್ಟಿಗೆ,

ಅಣ್ಣನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಇಲ್ಲಿನ ಬಿಸಿಲಿನ ಬಗ್ಗೆ ಮಾತ್ರ ಕೇಳಬೇಡ.

ನಾಮಕರಣದ ಸುದ್ದಿ ಬರೀತೀಯ ಅಂತ ಕಾದರೆ ಆಸ್ಪತ್ರೆ ವರದಿ ಕಳಿಸಿದ್ದೀಯ. ಒಬ್ಬೊಬ್ಬರಿಗೂ ಒಂದೊಂದು ಮನೋರೋಗ: ದೊಡ್ಡಮ್ಮ ತಾನೇ ದೊಡ್ಡವಳು ಅನ್ನೋ ನಾರ್ಸಿಸಿಸ್ಟ್, ಅತ್ತಿಗೆಗೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಓಸಿಡಿ, ಚಿಕ್ಕಪ್ಪ ಮನಸ್ಸು ಅತಿಯಾಗಿ ಏರಿಳಿಯೋ ಬೈಪೋಲಾರ್! ನಿಮ್ಹಾನ್ಸ್ ಡಾಕ್ಟರೂ ಇಷ್ಟು ಬೇಗ ಚೀಟಿ ಬರೆಯಲ್ಲ ಮಾರಾಯ್ತಿ. ಮಗುವಿಗೆ ಏನು ಹೆಸರಿಟ್ಟರು ಅನ್ನೋದೇ ಇಲ್ಲ.

ಇಲ್ಲಿನ ಏರ್‌ಪೋರ್ಟಿನ 4ನೇ ಟರ್ಮಿನಲ್‌ಗೆ ಬ್ಯಾರಿ ಗೋಲ್ಡ್‌ವಾಟರ್ ಅನ್ನೋರ ಹೆಸರಿದೆ. ಇದೇ ರಾಜ್ಯದ ಸೆನೆಟರ್ ಆಗಿದ್ದವರು. 1964ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ‘ಫ್ಯಾಕ್ಟ್’ ಅನ್ನೋ ಪತ್ರಿಕೆ 12 ಸಾವಿರಕ್ಕೂ ಹೆಚ್ಚು ಮನೋವೈದ್ಯರಿಗೆ ಕಾಗದ ಹಾಕಿ, ಈ ಮನುಷ್ಯನ ಮನಸ್ಸು ಆ ಪದವಿಗೆ ತಕ್ಕಷ್ಟು ಗಟ್ಟಿಯಾಗಿದೆಯಾ ಅಂತ ಕೇಳಿತು. 2,417 ಜನ ಉತ್ತರ ಬರೆದರು. ಎದುರು ಕೂರಿಸಿಕೊಂಡು ಪರೀಕ್ಷೆ ಮಾಡದೆಯೇ 1,189 ಜನ ‘ಇಲ್ಲ’ ಅಂದುಬಿಟ್ಟರು. ಹೇಳೋಕೆ ಇಷ್ಟು ಮಾಹಿತಿ ಸಾಲದು ಅಂದವರು 571 ಜನ. ನನಗೆ ಮರ್ಯಾದೆ ಅವರ ಮೇಲೆ. ಗೋಲ್ಡ್‌ವಾಟರ್ ಚುನಾವಣೆ ಸೋತರು, ಪತ್ರಿಕೆಯ ಮೇಲೆ ಹಾಕಿದ ಮಾನನಷ್ಟ ಮೊಕದ್ದಮೆ ಗೆದ್ದರು. ಪರೀಕ್ಷಿಸದೆ, ಒಪ್ಪಿಗೆ ಪಡೆಯದೆ ಸಾರ್ವಜನಿಕ ವ್ಯಕ್ತಿಗಳ ಮನಸ್ಸಿನ ಬಗ್ಗೆ ತೀರ್ಪು ಕೊಡಬಾರದು ಅಂತ 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೇ ನಿಯಮ ಮಾಡಿತು. ಅದನ್ನೇ ಓದಿದವರಿಗೇ ಈ ಕಟ್ಟು. ನಿನ್ನದು ರೀಲ್ಸ್ ನೋಡಿ ಬಂದ ವಿದ್ಯೆ.

ದೊಡ್ಡಮ್ಮನ ಪರ ವಹಿಸ್ತಿಲ್ಲ ನಾನು. ಅಮ್ಮ ಕೊಟ್ಟ ಸೀರೆಯ ಸೆರಗು ಹಿಡಿದು ನೋಡಿ, ಎಲ್ಲರೆದುರು ‘ಕೆಲಸದವಳಿಗಾಗುತ್ತೆ’ ಅಂದದ್ದು ಸೊಕ್ಕು. ಹಾಗಂತಲೇ ಹೇಳು, ಅವರಿಗೇ ಹೇಳು. ಅವರು ತಪ್ಪಾಯ್ತು ಅನ್ನಬಹುದು, ಜಗಳಕ್ಕೂ ಬರಬಹುದು. ನಾರ್ಸಿಸಿಸ್ಟ್ ಅಂದುಬಿಟ್ಟರೆ ಆ ದಾರಿಯೂ ಮುಚ್ಚಿತು. ಸಿಟ್ಟಾದರೆ ಅದೇ ರೋಗದ ಲಕ್ಷಣ, ಕ್ಷಮೆ ಕೇಳಿದರೆ ಅದು ನಾಟಕ.

ಅತ್ತಿಗೆ ತಟ್ಟೆ ಸಾಲಾಗಿ ಜೋಡಿಸಿದ್ದಕ್ಕೆ ಓಸಿಡಿ ಅಂದೆಯಲ್ಲ, ಅದು ಮಾತ್ರ ನನಗೆ ನಿಜಕ್ಕೂ ಹಿಡಿಸಲಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಆ ಕಾಯಿಲೆ ಇದೆ. ಕೈ ತೊಳೆದೂ ತೊಳೆದೂ ಚರ್ಮ ಬಿರಿದಿದೆ. ಬೇಡ ಅಂತ ಅವರಿಗೇ ಗೊತ್ತು, ನಿಲ್ಲಿಸೋಕೆ ಆಗಲ್ಲ. ಆಫೀಸಿನಲ್ಲಿ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಹೇಳಿಕೊಂಡಿಲ್ಲ. ಮೇಜು ಒರೆಸಿದವರನ್ನೆಲ್ಲ ಅದೇ ಹೆಸರಿಟ್ಟು ನಗುವ ಜಾಗದಲ್ಲಿ ಹೇಗೆ ತಾನೇ ಹೇಳಿಕೊಳ್ತಾರೆ?

ಚಿಕ್ಕಪ್ಪನದು ಬರೀ ಮುಂಗೋಪ, ನಿನಗೂ ಗೊತ್ತು.

ಭಾನುವಾರ ಫೋನ್ ಮಾಡ್ತೀನಿ. ಅಮ್ಮ ಸೀರೆ ವಿಷಯಕ್ಕೆ ಇನ್ನೂ ಬೇಜಾರಲ್ಲಿದ್ದರೆ ಮೊದಲು ಅವರಿಗೇ ಫೋನ್ ಕೊಡು. ಮಗುವಿನ ಹೆಸರು ಬರಿ.

ನಿನ್ನ ಅಣ್ಣ