ಕರೆದು ಕೂಡಿಸಿ ಎಲೆ ಎತ್ತುವವರು

ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮೊದಲ ಸಲ ನಕ್ಕೆ, ಬೇಜಾರಾಗಬೇಡ. ದ್ರಾಕ್ಷಿ ಕಟಾವಿನ ಗದ್ದಲದಲ್ಲಿ ದಿನಾ ಫೋನ್ ಮಾಡಿ "ಸರ್, ನಿಮಗೆ ಕ್ರೆಡಿಟ್ ಕಾರ್ಡ್ ಪ್ರೀ-ಅಪ್ರೂವ್ ಆಗಿದೆ" ಅಂದವರು, ನೀನು ಪ್ಯಾನು, ಆಧಾರು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಕಳಿಸಿದ ಮೇಲೆ ಆಗುವುದಿಲ್ಲ ಅಂದರಂತಲ್ಲ! "ಕರದು ಪಂಕ್ತಿಗೆ ಕೂಡಿಸಿ ಮುಂದಿನ ಎಲಿ ಎತ್ತಿದ್ರಲೇ" ಅಂದೆ ನೀನು. ಎರಡನೇ ಸಲ ಕೇಳಿದಾಗ ನಗು ಬರಲಿಲ್ಲ. ಆ ಪಂಕ್ತಿಯಲ್ಲಿ ನಾನೂ ಕೂತು ಎದ್ದವನೇ.

ನಾನಿರುವ ಅಮೆರಿಕದ ಫ್ರೆಸ್ನೊಗೂ ಈ ಪಿಡುಗಿಗೂ ಹಳೆಯ ನಂಟಿದೆ, ನಿನಗೆ ಎಂದೂ ಹೇಳಿರಲಿಲ್ಲ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಈ ಊರಿನವರಿಗೆ ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಹಾಕಿ ಕಳಿಸಿತು. ಅರ್ಜಿಯಲ್ಲ, ಆಫರ್ ಪತ್ರವಲ್ಲ, ನೇರ ಅಂಗಡಿಗೆ ಒಯ್ದು ಬಳಸಬಹುದಾದ ಕಾರ್ಡೇ. ಯಾರೂ ಕೇಳಿರಲಿಲ್ಲ. ಮುಂದೆ 1976ರಲ್ಲಿ ವೀಸಾ ಅಂತ ಹೆಸರು ಬದಲಿಸಿಕೊಂಡದ್ದು ಅದೇ ಕಾರ್ಡು. ಕಳ್ಳರಿಗೆ ಹಬ್ಬವಾಯಿತು, ಸಾಲ ತೀರಿಸದವರು ಬ್ಯಾಂಕಿನ ಲೆಕ್ಕ ಮೀರಿ ಹೆಚ್ಚಿದರು. ಆದರೂ ಉಳಿದ ಬ್ಯಾಂಕುಗಳು ಅದೇ ದಾರಿ ಹಿಡಿದವು. ಕೊನೆಗೆ 1970ರಲ್ಲಿ, ಕೇಳದವರಿಗೆ ಕಾರ್ಡು ಕಳಿಸುವಂತಿಲ್ಲ ಅಂತ ಇಲ್ಲಿ ಕಾನೂನು ಬಂತು. ಕಾರ್ಡು ಬರುವುದು ನಿಂತಿತು, ಲಕೋಟೆ ಬರುವುದು ನಿಲ್ಲಲಿಲ್ಲ. ನನ್ನ ಅಂಚೆಪೆಟ್ಟಿಗೆಗೆ ಈಗಲೂ ವಾರಕ್ಕೆ ನಾಲ್ಕೈದು ಬೀಳುತ್ತವೆ. ಅರ್ಧಕ್ಕರ್ಧ ನನಗಿಂತ ಮೊದಲು ಈ ಮನೆಯಲ್ಲಿದ್ದ ಬಾಡಿಗೆದಾರನ ಹೆಸರಿಗೆ. ಅವನ ಮುಖ ನಾನು ನೋಡಿಲ್ಲ, ಆದರೆ ಅವನಿಗೆ ಎಷ್ಟು ಮರ್ಯಾದೆ ಇದೆ ಅಂತ ಚೆನ್ನಾಗಿ ಗೊತ್ತು.

ನನ್ನ ಎಲೆ ಎತ್ತಿದ್ದು 2015ರ ನವೆಂಬರಿನಲ್ಲಿ. ಬಂದ ಮೊದಲ ಚಳಿಗಾಲ, ನಮ್ಮಾಕಿಗೆ ಒಂದು ಉಣ್ಣೆ ಕೋಟು ಬೇಕಿತ್ತು. ದೊಡ್ಡ ಅಂಗಡಿ, ಕೌಂಟರಿನಲ್ಲಿ ಕನ್ನಡಕಕ್ಕೆ ಮಣಿಸರ ಕಟ್ಟಿಕೊಂಡ ವಯಸ್ಸಾದ ಹೆಂಗಸು. ನಮ್ಮ ಅಂಗಡಿಯ ಕಾರ್ಡು ಮಾಡಿಸಿದರೆ ಈಗಲೇ ನೂರಕ್ಕೆ ಇಪ್ಪತ್ತು ಕಡಿಮೆ, ಎರಡೇ ನಿಮಿಷ ಅಂದಳು. ಸೋಶಿಯಲ್ ಸೆಕ್ಯುರಿಟಿ ನಂಬರು (ನಮ್ಮ ಆಧಾರಿನಂಥದು), ಸಂಬಳ, ಬಾಡಿಗೆ ಎಲ್ಲ ಆ ಪುಟ್ಟ ಯಂತ್ರದಲ್ಲಿ ಒತ್ತಿದೆ. ಹಿಂದೆ ಸಾಲು ಬೆಳೆಯಿತು. ಪರದೆಯ ಮೇಲೆ ಏನೋ ಬಂತು. ಅವಳು ದನಿ ತಗ್ಗಿಸಿ "ಮನೆಗೆ ಕಾಗದ ಬರುತ್ತೆ ಮಗಾ" ಅಂದಳು. ಆಸ್ಪತ್ರೆಯಲ್ಲಿ ಕೆಟ್ಟ ಸುದ್ದಿ ಹೇಳುತ್ತಾರಲ್ಲ, ಥೇಟ್ ಆ ದನಿ. ನಮ್ಮಾಕಿ ಕೋಟು ಮಡಚಿ ಕೌಂಟರಿನ ಮೇಲಿಟ್ಟು "ನನಗ ಅಷ್ಟೇನು ಥಂಡಿ ಇಲ್ಲ ಬಿಡ್ರಿ" ಅಂದಳು. ನಾನು ಹಟಕ್ಕೆ ಬಿದ್ದು ಪೂರ್ತಿ ದುಡ್ಡು ಕೊಟ್ಟೆ.

ಹತ್ತು ದಿನಕ್ಕೆ ಕಾಗದ ಬಂತು. ಅದನ್ನು ಕನ್ನಡಕ್ಕೆ ತಂದರೆ ಒಂದೇ ಸಾಲು: ನಿಮ್ಮ ಸಾಲದ ಇತಿಹಾಸ ಸಾಲದು. ಜೀವಮಾನದಲ್ಲಿ ಸಾಲ ಮಾಡದ್ದನ್ನೇ ತಪ್ಪು ಅಂದದ್ದು ನಾನು ಕೇಳಿದ್ದು ಅದೇ ಮೊದಲು. ನಮ್ಮಪ್ಪನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಬ್ಯಾಂಕಿನಲ್ಲಿ 500 ಡಾಲರ್ ಠೇವಣಿ ಇಟ್ಟು, ಅಷ್ಟೇ ಮಿತಿಯ ಕಾರ್ಡು ತಗೊಂಡೆ. ಅಂದರೆ ನನ್ನದೇ ದುಡ್ಡು ಅಡವಿಟ್ಟು ನಾನೇ ಸಾಲಗಾರನಾದೆ. ಇಲ್ಲಿ ಸಾಲಕ್ಕೆ ನೀನು ಎಷ್ಟು ನಂಬಿಗಸ್ತ ಅಂತ ಅಳೆಯುವ ಫೈಕೊ ಅಂಕ ಹುಟ್ಟಬೇಕಾದರೆ ಒಂದು ಖಾತೆಗೆ ಕಡಿಮೆಯೆಂದರೂ ಆರು ತಿಂಗಳು ತುಂಬಬೇಕು. ತುಂಬಿತು. ಆಗ ಶುರುವಾಯಿತು ನೋಡು ತಮಾಷೆ. ಒಂದು ಬಟ್ಟೆ ಅಂಗಡಿ ಹತ್ತು ಸೆಕೆಂಡಿನಲ್ಲಿ ಕಾರ್ಡು ಕೊಟ್ಟಿತು, ಮಿತಿ 300 ಡಾಲರ್. "ನಿಮ್ಮನ್ನೇ ಆರಿಸಿದ್ದೇವೆ" ಅಂತ ಮೂರು ಸಲ ಬರೆದಿದ್ದ ಬ್ಯಾಂಕು, ಆಯ್ತಪ್ಪ ಅಂತ ಅರ್ಜಿ ಹಾಕಿದರೆ, ಇತ್ತೀಚೆಗೆ ಅರ್ಜಿಗಳು ಜಾಸ್ತಿಯಾಗಿವೆ ಅಂತ ಇಲ್ಲವೆಂದಿತು. ಮರುವಾರವೇ ಫರ್ನಿಚರ್ ಅಂಗಡಿಯೊಂದು ಸೋಫಾಕ್ಕೆ ಅಂತ 4,000 ಡಾಲರ್ ಮಿತಿ ಕೊಟ್ಟಿತು. ಅದೇ ನಾನು, ಅದೇ ಸಂಬಳ, ಅದೇ ಗಡ್ಡ.

ತಲೆಬುಡ ತಿಳಿಯಲು ನನಗೆ ವರ್ಷ ಹಿಡಿಯಿತು. ಇಲ್ಲಿ ಊಟಕ್ಕೆ ಕರೆಯುವವನು ಒಬ್ಬ, ಬಡಿಸುವವನು ಇನ್ನೊಬ್ಬ. ಬ್ಯಾಂಕು, ಎಲ್ಲರ ಸಾಲದ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋಗೆ ಹೋಗಿ, ಇಷ್ಟು ಅಂಕ ದಾಟಿದವರ, ಕಂತು ತಪ್ಪಿಸದವರ ಪಟ್ಟಿ ಕೊಡು ಅನ್ನುತ್ತದೆ. ಬಾಗಿಲ ಸಂದಿಯಿಂದ ಇಣುಕಿದ ಹಾಗೆ. ಅದರಿಂದ ನಿನ್ನ ಅಂಕಕ್ಕೆ ಏನೂ ಆಗುವುದಿಲ್ಲ. ನೀನು ಅರ್ಜಿ ಹಾಕಿದ ಮೇಲೆ ಒಳಗೆ ಬಂದು ಪೆಟ್ಟಿಗೆ, ಕಪಾಟು ಎಲ್ಲ ತೆಗೆದು ನೋಡುತ್ತಾರೆ. ಹಾಗೆ ನೋಡಿದ ಗುರುತು ಎರಡು ವರ್ಷ ನಿನ್ನ ಫೈಲಿನಲ್ಲಿ ಉಳಿಯುತ್ತದೆ, ಮುಂದಿನವನು ಅದನ್ನೂ ಎಣಿಸುತ್ತಾನೆ. ಅಂಗಡಿ ಕಾರ್ಡಿನ ಹಿಂದೆಯೂ ಯಾವುದೋ ಬ್ಯಾಂಕೇ ಇರುತ್ತದೆ, ಒಂದೊಂದಕ್ಕೆ ಒಂದೊಂದು ಜರಡಿ. ಕೆಲವರ ಜರಡಿಯ ತೂತು ದೊಡ್ಡದು, ಯಾಕೆಂದರೆ ಮಿತಿ ಸಣ್ಣದು, ಬಡ್ಡಿ ವರ್ಷಕ್ಕೆ ನೂರಕ್ಕೆ 30ರ ಆಸುಪಾಸು.

ಆ ಸೋಫಾದ ಕಾಗದವನ್ನು ರಾತ್ರಿ ಕೂತು ಪೂರ್ತಿ ಓದಿದ್ದು ಪುಣ್ಯ. ಹನ್ನೆರಡು ತಿಂಗಳು ಬಡ್ಡಿ ಇಲ್ಲ ಅಂತ ದಪ್ಪಕ್ಷರ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಅವಧಿಯೊಳಗೆ ಪೂರ್ತಿ ತೀರದಿದ್ದರೆ ಕೊಂಡ ದಿನದಿಂದಲೇ ಬಡ್ಡಿ. ಇಪ್ಪತ್ತೇ ಡಾಲರ್ ಉಳಿದಿದ್ದರೂ ವರ್ಷದ ಬಡ್ಡಿಯೆಲ್ಲ ಒಮ್ಮೆಗೇ ತಲೆ ಮೇಲೆ. ಹನ್ನೊಂದನೇ ತಿಂಗಳಿಗೆ ಕೈ ತೊಳೆದುಕೊಂಡೆ. ಆ ಸೋಫಾದ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ, ಒಂದು ಸ್ಪ್ರಿಂಗ್ ಹೋಗಿದೆ.

ಈಗ ನಿನ್ನ ವಿಷಯ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ, ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತಿದೆ. ಆ ಕಾಗದ ಕೇಳು, ಬಿಡಬೇಡ. ಕೇಳದೆ ಕಾರ್ಡು ಕಳಿಸಿ ಬಿಲ್ಲು ಹಾಕಿದರಂತೂ ಬಿಲ್ಲಿನ ಮೊತ್ತ ವಾಪಸು ಮಾಡಿ, ಅದರ ಎರಡರಷ್ಟು ದಂಡವನ್ನೂ ಅವರೇ ಕೊಡಬೇಕು. ನಮ್ಮ ದೇಶದ ಕ್ರೆಡಿಟ್ ಬ್ಯೂರೋ ಸಿಬಿಲ್‌ನ ವರದಿ ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತದೆ, ಮಗಳ ಕೈಲಿ ತೆಗೆಸಿ ನೋಡು. ತೀರಿಸಿದ ಟ್ರ್ಯಾಕ್ಟರ್ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೂ ಇರಬಹುದು. ಮತ್ತೆ ಸಿಟ್ಟಿಗೆ ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿ ಕೂರಬೇಡ ಮಾರಾಯ.

ಮಗಳು ಆಗಸ್ಟಿನಲ್ಲಿ ಎಂಎಸ್‌ಗೆ ಬರುತ್ತಾಳಲ್ಲ, ಅವಳಿಗೂ ಹೇಳಿಡು. ಅಲ್ಲಿಯ ಸಿಬಿಲ್ ಅಂಕ ಸಮುದ್ರ ದಾಟುವುದಿಲ್ಲ. ಸಿಬಿಲ್‌ನ ಬಹುಪಾಲು ಷೇರು ಇಲ್ಲಿಯ ಬ್ಯೂರೋ ಟ್ರಾನ್ಸ್‌ಯೂನಿಯನ್ ಕೈಯಲ್ಲೇ ಇದೆ, ಆದರೂ ಇಲ್ಲಿ ಅವಳದು ಬಿಳಿ ಹಾಳೆ. ಕೌಂಟರಿನಲ್ಲಿ ಯಾರಾದರೂ ನೂರಕ್ಕೆ ಇಪ್ಪತ್ತು ಬಿಡುತ್ತೇವೆ ಅಂದರೆ ಮೊದಲು ಈ ಕಾಕಾಗೆ ಒಂದು ಫೋನ್ ಮಾಡಲಿ. ಈ ಲಕೋಟೆಗಳನ್ನು ಬೇಡ ಅನ್ನಲು ಬ್ಯೂರೋಗಳದೇ ಒಂದು ವ್ಯವಸ್ಥೆ ಇದೆ, ಐದು ವರ್ಷಕ್ಕೆ ಬೇಡ ಅನ್ನಬಹುದು, ಸಹಿ ಹಾಕಿ ಕಳಿಸಿದರೆ ಕಾಯಂ. ಮೊನ್ನೆ ನಾನೂ ಸಹಿ ಹಾಕಿ ಕಳಿಸಿದೆ. ಹಳೆಯ ಬಾಡಿಗೆದಾರನ ಪರವಾಗಿ ಹಾಕಲು ಬರುವುದಿಲ್ಲವಲ್ಲ, ಅವನವು ಬರುತ್ತಲೇ ಇವೆ.

ಅವಳು ಬಂದಾಗ ಇಲ್ಲಿ ದ್ರಾಕ್ಷಿ ಒಣಗುವ ಕಾಲ. ನಿನ್ನ ಹಾಗೆ ಶೆಡ್ಡಿನಲ್ಲಿ ಬಲೆ ಕಟ್ಟುವ ತಾಪತ್ರಯ ಇಲ್ಲಿ ಎಷ್ಟೋ ತೋಟಗಳಲ್ಲಿಲ್ಲ, ಸಾಲಿನ ನಡುವೆ ನೆಲದ ಮೇಲೆ ಕಾಗದ ಹಾಸಿ ಗೊಂಚಲು ಸುರಿದುಬಿಡುತ್ತಾರೆ. ಕರ್ರಗಾಗುತ್ತವೆ, ನಮ್ಮ ರುಚಿ ಇಲ್ಲ. ಅವಳ ಬ್ಯಾಗಿನಲ್ಲಿ ಒಂದು ಕಿಲೋ ಹಸಿರು ಮಣೂಕ ಹಾಕಿ ಕಳಿಸು.

ನಿನ್ನ,
ಫ್ರೆಸ್ನೊದ ದೋಸ್ತ